ಭಾನುವಾರದ ಬೇಲೂರು–ಹಳೇಬೀಡು ಪ್ರಯಾಣ: ದಯವಿಟ್ಟು ಪೂರ್ತಿ ಓದಿ

ಎಲ್ಲರಿಗೂ ನಮಸ್ಕಾರ 🙏

ಭಾನುವಾರ ಬೆಳಗ್ಗೆ 5:30ಕ್ಕೆ ಮೈಸೂರಿನಿಂದ ನಮ್ಮ ಬಸ್ಸು ಹೊರಡುತ್ತದೆ. ಹೆಸರು ಕೊಟ್ಟವರೆಲ್ಲ ಹತ್ತು ನಿಮಿಷ ಮುಂಚೆಯೇ ಮಾಮೂಲಿ ಜಾಗಕ್ಕೆ ಬನ್ನಿ. ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕುವ ಮೊದಲು ಬೇಲೂರಿನ ಚೆನ್ನಕೇಶವನ ದರ್ಶನ ಆಗಬೇಕು. ಹೊಯ್ಸಳ ರಾಜ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಈ ದೇವರಿಗೆ ಇಂದಿಗೂ ನಿತ್ಯಪೂಜೆ ಉಂಟು. ಹಾಗಾಗಿ ಮೊದಲು ದರ್ಶನ, ಫೋಟೊ ಎಲ್ಲ ಆಮೇಲೆ.

ಎಲ್ಲರೂ ದಪ್ಪ ಕಾಲುಚೀಲ ತನ್ನಿ. ಚಪ್ಪಲಿ ಹೊರಗೇ ಬಿಡಬೇಕು. ಹನ್ನೊಂದು ಗಂಟೆಗೆಲ್ಲ ಅಂಗಳದ ಕಲ್ಲು ಕಾದ ಹಂಚಿನಂತಾಗುತ್ತದೆ. ಕಳೆದ ಸಲ ಹಿರಿಯರೊಬ್ಬರು ಅಂಗಾಲು ಸುಟ್ಟು, ಜಗತಿಯ (ಗುಡಿಯ ಸುತ್ತಲಿನ ಎತ್ತರದ ಕಟ್ಟೆ) ಪ್ರದಕ್ಷಿಣೆಯನ್ನು ಅರ್ಧಕ್ಕೇ ನಿಲ್ಲಿಸಿದರು. ನನಗೆ ತುಂಬ ನೋವಾಯಿತು.

ನವರಂಗದೊಳಗೆ, ಅಂದರೆ ಗರ್ಭಗುಡಿಯ ಮುಂದಿನ ಮಂಟಪದಲ್ಲಿ, ಕತ್ತಲು. ಕಣ್ಣು ಹೊಂದಿಕೊಳ್ಳಲು ಬಿಟ್ಟು ನಿಧಾನವಾಗಿ ನೋಡಿ, ನರಸಿಂಹ ಕಂಬವನ್ನಂತೂ ತಪ್ಪಿಸಿಕೊಳ್ಳಬೇಡಿ. ಮದನಿಕೆಯರು (ಸುಂದರಿಯರ ಶಿಲ್ಪಗಳು) ಎತ್ತರದಲ್ಲಿದ್ದಾರೆ, ಬೈನಾಕ್ಯುಲರ್ ಇದ್ದವರು ತಂದರೆ ಎಲ್ಲರಿಗೂ ಉಪಕಾರ. ಆದರೆ ಶಿಲ್ಪಗಳನ್ನು ಮುಟ್ಟಬೇಡಿ, ಮಕ್ಕಳಿಗೂ ಹೇಳಿ. ಅದು ಮೆದುವಾದ ಬಳಪದ ಕಲ್ಲು. ಒಂಬೈನೂರು ವರ್ಷ ಉಳಿದದ್ದು ನಮ್ಮ ಕೈಯಿಂದ ಸವೆಯಬಾರದು.

ಊಟ ಮುಗಿಸಿ ಹಳೇಬೀಡು, 16 ಕಿ.ಮೀ. ಸಮಯವಿದ್ದರೆ ಹತ್ತಿರದ ಬಸದಿಹಳ್ಳಿಗೂ ಹೋಗೋಣ. ಅಲ್ಲಿನ ಜೈನ ಗುಡಿ, ಪಾರ್ಶ್ವನಾಥ ಬಸದಿಯ ನುಣುಪಾದ ಕಂಬಗಳನ್ನು ನೋಡದೆ ಬರುವುದು ನನಗೆ ಇಷ್ಟವಿಲ್ಲ.

ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ: ಎಷ್ಟು ಜನ, ಮೆಟ್ಟಿಲು ಹತ್ತಲು ಯಾರಿಗೆ ಸಹಾಯ ಬೇಕು. ಬರಲಾಗದವರೂ ಒಂದು ಮಾತು ಹಾಕಿ, ಸೀಟಿಗಾಗಿ ಇಬ್ಬರು ಕಾಯುತ್ತಿದ್ದಾರೆ.