ಎರಚಲು ತಡೆಯುವ ತಂಗುದಾಣಗಳು ಬೇಕು

ಮಾನ್ಯ ಸಂಪಾದಕರೇ,

ನಮ್ಮ ಜಿಲ್ಲೆಯಲ್ಲಿ ಕಟ್ಟಲಾಗುತ್ತಿರುವ ಬಸ್ ತಂಗುದಾಣಗಳ ಬಗ್ಗೆ ಬರೆಯುವ ಮುನ್ನ, ಜಪಾನಿನಲ್ಲಿ ಕೆಲಸದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ನಾನು ಕಂಡ ಒಂದು ಪುಟ್ಟ ರೈಲು ನಿಲ್ದಾಣವನ್ನು ತಮ್ಮ ಓದುಗರಿಗೆ ಪರಿಚಯಿಸಲು ಅನುಮತಿ ಕೋರುತ್ತೇನೆ. ರೈಲು ಹಳಿಯೇ ಇಲ್ಲದ ಕೊಡಗಿಗೆ ಇದರಿಂದ ಏನಾಗಬೇಕು ಎಂದು ಕೆಲವರು ಕೇಳಬಹುದು. ಮಳೆ ಚಳಿಯಲ್ಲಿ ವಾಹನಕ್ಕಾಗಿ ಕಾಯುವವರ ಪಾಡು ಎಲ್ಲಿಯೂ ಒಂದೇ ಎಂಬುದು ನನ್ನ ಉತ್ತರ.

ಫುಕುಶಿಮಾ ಪ್ರಾಂತ್ಯದ ಐಝು ಸೀಮೆಯಲ್ಲಿ, ಹೊಳೆಯ ದಂಡೆಯ ಬಿಸಿನೀರ ಬುಗ್ಗೆಗಳಿಗೆ ಹೆಸರಾದ ಯುನೊಕಾಮಿ ಎಂಬ ಊರಿದೆ. (ಪುತ್ತೂರು ಬಳಿಯ ಇರ್ದೆಯ ಬೆಂದ್ರ್‌ತೀರ್ಥವನ್ನು ನೋಡಿದವರಿಗೆ ಇಂಥ ಬುಗ್ಗೆ ಹೊಸದಲ್ಲ.) ಅಲ್ಲಿಗೆ ರೈಲು ಬಂದದ್ದು 1932ರಲ್ಲಿ. ಪ್ರಯಾಣಿಕರು ಸಾಲದೆಂದು ಸರ್ಕಾರಿ ರೈಲ್ವೆ ಕೈಬಿಡಲು ಹೊರಟ ಆ ಮಾರ್ಗವನ್ನು, ಪ್ರಾಂತ್ಯ ಮತ್ತು ಸುತ್ತಲಿನ ಸ್ಥಳೀಯ ಆಡಳಿತಗಳು ಪಾಲು ಹಾಕಿದ ಐಝು ರೈಲ್ವೆ ಎಂಬ ಕಂಪನಿ 1987ರಲ್ಲಿ ವಹಿಸಿಕೊಂಡಿತು. ಅದೇ ವರ್ಷ ನಿಲ್ದಾಣಕ್ಕೆ ಆ ಸೀಮೆಯ ಹಳೆಯ ರೈತರ ಮನೆಗಳಂತೆ ಕಡಿದಾದ ಹುಲ್ಲಿನ ಮಾಡಿನ ಕಟ್ಟಡ ಬಂತು. ಅಂಥ ಹುಲ್ಲುಮನೆಗಳ ಸಾಲನ್ನೇ 1981ರಿಂದ ಸಂರಕ್ಷಿಸಿಕೊಂಡು ಬಂದಿರುವ ಓಉಚಿಜುಕು ಎಂಬ ಊರು ಅಲ್ಲಿಂದ ಸುಮಾರು 6 ಕಿ.ಮೀ. ದೂರದಲ್ಲಿದೆ.

ನಿಲ್ದಾಣದೊಳಗೆ ಮರದ ಜಗಲಿಯ ನಡುವೆ ಚೌಕಾಕಾರದ ಬೆಂಕಿಗುಂಡಿಯಿದ್ದು, ಬೂದಿಯ ಮೇಲೆ ಸೌದೆ ಉರಿಯುತ್ತಿರುತ್ತದೆ. ಮೇಲಿನಿಂದ ಇಳಿಬಿಟ್ಟ ಕೊಕ್ಕೆಯಲ್ಲಿ ಕೆಟಲು ತೂಗುತ್ತಿರುತ್ತದೆ. ಆ ಬೆಂಕಿ ಕಾಯುವವರ ಚಳಿ ಬಿಡಿಸುವುದರ ಜೊತೆಗೆ, ಅದರ ಹೊಗೆ ಮಾಡಿನ ಹುಲ್ಲಿಗೆ ಹುಳ ಹಿಡಿಯದಂತೆಯೂ ನೋಡಿಕೊಳ್ಳುತ್ತದೆ. ನಮ್ಮ ಹಳೆಯ ಅಡುಗೆಮನೆಗಳಲ್ಲಿ ಒಲೆಯ ಹೊಗೆ ಕುಡಿದು ಕಪ್ಪಾದ ಅಟ್ಟದ ಬಿದಿರು ತಲೆಮಾರುಗಟ್ಟಲೆ ಬಾಳಿದ್ದನ್ನು ಬಲ್ಲವರಿಗೆ ಇದರ ಮರ್ಮ ಹೇಳಬೇಕಾಗಿಲ್ಲ. ಕಟ್ಟಡದ ಪಕ್ಕದಲ್ಲೇ ಬುಗ್ಗೆಯ ನೀರಿನಲ್ಲಿ ಕಾಲು ಇಳಿಬಿಟ್ಟು ಕೂರುವ ಪುಟ್ಟ ಕೊಳವಿದ್ದು, ಅದಕ್ಕೆ ಶುಲ್ಕವಿಲ್ಲ. ನಾನು ಅಲ್ಲಿ ಕುಳಿತಿದ್ದಾಗ ಶಾಲೆಯ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕಾಲು ಇಳಿಬಿಟ್ಟಿದ್ದ ಹುಡುಗಿ, ರೈಲಿನ ಸದ್ದು ಕೇಳಿದ ಮೇಲೆಯೇ ಟವೆಲ್ಲಿನಿಂದ ಕಾಲು ಒರೆಸಿಕೊಂಡು ಎದ್ದಳು. ಪ್ರವಾಸಿಗರಿಗೆ ಇಷ್ಟೊಂದು ಇಷ್ಟವಾಗುವ ಜಾಗ ಊರಿನ ಮಕ್ಕಳಿಗೂ ಅಷ್ಟೇ ಒದಗುತ್ತಿದೆ ಎಂಬುದೇ ನನ್ನ ಮನಸ್ಸಿಗೆ ನಾಟಿದ ಸಂಗತಿ.

ಇನ್ನು ನಮ್ಮ ತಂಗುದಾಣಗಳಿಗೆ ಬರುತ್ತೇನೆ. ಸಮತಟ್ಟಾದ ತಾರಸಿ ಅಥವಾ ತೆಳುವಾದ ಶೀಟು, ಪೂರ್ತಿ ತೆರೆದ ಮುಂಭಾಗ, ಉಕ್ಕಿನ ನಾಲ್ಕು ಕುರ್ಚಿ, ಅನುದಾನ ನೀಡಿದವರ ಹೆಸರಿನ ದೊಡ್ಡ ಫಲಕ: ಬಯಲುಸೀಮೆಗೆ ಮಾಡಿದ ನಕ್ಷೆಯನ್ನೇ ಇಲ್ಲಿಯೂ ಕಟ್ಟುತ್ತಿರುವಂತಿದೆ. ಜುಲೈ-ಆಗಸ್ಟ್ ಹೊತ್ತಿನ ಕಕ್ಕಡ ಮಾಸದ ಗಾಳಿಮಳೆಗೆ ಎರಚಲು ಹಿಂಬದಿಯ ಗೋಡೆಯವರೆಗೂ ಹೊಡೆಯುವುದರಿಂದ, ತೋಟದ ಕೆಲಸಕ್ಕೆ ಹೊರಟ ಹೆಂಗಸರೂ ಶಾಲಾ ಮಕ್ಕಳೂ ಸೂರಿನ ಅಡಿಯಲ್ಲೇ ಕೊಡೆ ಬಿಡಿಸಿ ನಿಲ್ಲುತ್ತಾರೆ. ಇದು ತಪ್ಪಬೇಕು.

ಹುಲ್ಲಿನ ಮಾಡು ನಮಗೆ ಬೇಕಾಗಿಲ್ಲ, ಅದನ್ನು ಹೊದಿಸುವ ಕೈಗಳೂ ಈಗ ವಿರಳ. ಆದರೆ ಕಡಿದಾದ ಹೆಂಚಿನ ಮಾಡು, ಮೂರು ಅಡಿಯಾದರೂ ಮುಂದೆ ಚಾಚಿದ ಸೂರು, ಗಾಳಿ ಬೀಸುವ ದಿಕ್ಕಿಗೆ ಗೋಡೆ, ಕೂರಲು ಮರದ ಜಗಲಿ ಇವೆಲ್ಲ ನಮ್ಮ ಊರಿನ ಬಡಗಿ, ಗಾರೆಯವರಿಗೆ ಚೆನ್ನಾಗಿ ತಿಳಿದ ಕೆಲಸ. ಯುನೊಕಾಮಿಯ ನಿಲ್ದಾಣದಲ್ಲಿ ಅಂಗಡಿಯೂ ಇರುವುದರಿಂದ ಅಲ್ಲಿ ಸದಾ ಜನರ ಓಡಾಟವಿರುತ್ತದೆ. ಹಾಗೆಯೇ ಇಲ್ಲಿಯೂ ಒಂದು ಮೂಲೆಯನ್ನು ಚಹಾ ಅಂಗಡಿಗಾಗಿ ಸ್ಥಳೀಯ ಮಹಿಳಾ ಸ್ವಸಹಾಯ ಸಂಘಕ್ಕೆ ವಹಿಸಿದರೆ ಕಾಯುವವರಿಗೆ ಬಿಸಿ ಚಹಾ ಸಿಗುತ್ತದೆ, ಕತ್ತಲಾದ ಮೇಲೆ ಒಂಟಿಯಾಗಿ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳಿಗೆ ಧೈರ್ಯವೂ ಇರುತ್ತದೆ, ಕಸ ಗುಡಿಸುವ ಹೊಣೆಯೂ ಒಬ್ಬರ ಮೇಲಿರುತ್ತದೆ.

ಮೊದಲನೆಯದನ್ನು ತಲಕಾವೇರಿಯ ಹೆಬ್ಬಾಗಿಲಾದ ಭಾಗಮಂಡಲದಲ್ಲಿ, ಸಂಗಮದ ನೆರೆ ಮುಟ್ಟದ ಎತ್ತರದಲ್ಲಿ ಕಟ್ಟಬಹುದು. ಸಂಬಂಧಪಟ್ಟ ಪಂಚಾಯಿತಿಗಳು ಮುಂದಿನ ಕ್ರಿಯಾಯೋಜನೆಗೆ ಸಹಿ ಹಾಕುವ ಮುನ್ನ ತಂಗುದಾಣದ ನಕ್ಷೆಯನ್ನು ಗ್ರಾಮಸಭೆಯ ಮುಂದಿಟ್ಟು, ನಿತ್ಯ ಬಸ್ಸಿಗೆ ಕಾಯುವವರ ಮಾತು ಕೇಳಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ನಾಪೋಕ್ಲು