ಬಸೂಗೆ, ವಸ್ಕಾನಾ ಹಳ್ಳದ ದಂಡೆಯಿಂದ

ಬಸೂ,

ಬೆಟ್ಟ ಇಲ್ಲದ, ಸಮುದ್ರ ಇಲ್ಲದ ಊರಲ್ಲಿ ರಜೆ ದಿನ ಏನು ನೋಡುತ್ತೀಯ ಅಂತ ನೀನು ಕೇಳಿದ್ದೆ. ಹಳ್ಳ ನೋಡುತ್ತೇನೆ. ಅದರ ಬಗ್ಗೆ ಕನ್ನಡದಲ್ಲಿ ನಾಲ್ಕು ಸಾಲು ಇರಲಿ ಅಂತ ಎಲ್ಲರೂ ಓದುವಂತೆ ಇಲ್ಲೇ ಬರೆಯುತ್ತಿದ್ದೇನೆ.

ಹೆಸರು ವಸ್ಕಾನಾ. ಕೆನಡಾದ ಸಸ್ಕಾಚೆವನ್ ಪ್ರಾಂತ್ಯದ ಹಳ್ಳ. ನಾನಿರುವ ರಿಜೈನಾ ಊರಿನ ಆಗ್ನೇಯಕ್ಕೆ ಹೊಲಗಳ ನಡುವೆ ಹುಟ್ಟಿ, ಊರೊಳಗೆ ಹಾದು, ವಾಯವ್ಯಕ್ಕೆ ಹರಿದು ಲಮ್ಸ್‌ಡನ್ ಹತ್ತಿರ ಕ್ವಾಪೆಲ್ ನದಿಗೆ ಸೇರುತ್ತದೆ. ಹಿಮಯುಗದ ಕೊನೆಗೆ ಇಲ್ಲೊಂದು ದೊಡ್ಡ ಸರೋವರ ಇತ್ತಂತೆ. ನೀರು ಹೋಯಿತು, ತಳದ ಮಣ್ಣು ಉಳಿಯಿತು. ನೆಲ ರೊಟ್ಟಿ ಬಡಿದ ಹಾಗೆ ಸಪಾಟು. ಆ ಮಣ್ಣು ಎಂಥದ್ದು ಗೊತ್ತಾ? ನೆಂದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಮನೆಗಳ ತಳಪಾಯವನ್ನೇ ಅಲುಗಿಸುತ್ತದೆ. ನಮ್ಮ ಎರೆ ಮಣ್ಣಿನದೇ ಗುಣ! ಕಾಲಿಗೆ ಮೆತ್ತಿದಾಗೆಲ್ಲ ನಮ್ಮೂರ ಕಡೆಯ ಬೆಣ್ಣೆಹಳ್ಳ ನೆನಪಾಗುತ್ತದೆ. ಚಪ್ಪಲಿ ವಿಷಯ ಇಲ್ಲಿ ಬೇಡ, ಮಂಜ್ಯಾ ಓದುತ್ತಾನೆ.

ಬೆಣ್ಣೆಹಳ್ಳಕ್ಕೆ ಮಳೆ ಹೇಗೋ ಇದಕ್ಕೆ ಹಿಮ ಹಾಗೆ. ಏಪ್ರಿಲ್ ಸುಮಾರಿಗೆ ಹಿಮ ಕರಗಿದಾಗ ವರ್ಷದ ನೀರಿನಲ್ಲಿ ಜಾಸ್ತಿ ಪಾಲು ಒಮ್ಮೆಗೇ ಬಂದು ಹೋಗುತ್ತದೆ. ಆದರೆ ಸುತ್ತಲಿನ ನೀರೆಲ್ಲ ಹಳ್ಳಕ್ಕೆ ಬರುವುದಿಲ್ಲ. ಹಿಮನದಿ ಬಿಟ್ಟುಹೋದ ತಗ್ಗುಗಳು ಈ ಪ್ರೇರಿ, ಅಂದರೆ ಹುಲ್ಲುಗಾವಲಿನ ಬಯಲು, ತುಂಬ ಇವೆ. ಅಲ್ಲಿ ಕರಗಿದ ನೀರು ಅಲ್ಲೇ ನಿಂತು ಅಲ್ಲೇ ಆರುತ್ತದೆ. ಅದಕ್ಕೇ ಇಲ್ಲಿನ ಎಂಜಿನಿಯರುಗಳು ಎರಡು ಲೆಕ್ಕ ಇಡುತ್ತಾರೆ. ನಕ್ಷೆಯ ಗೆರೆಯೊಳಗಿನ ಒಟ್ಟು ಜಾಗ ಒಂದು, ಸಾಮಾನ್ಯ ವರ್ಷದಲ್ಲಿ ನಿಜಕ್ಕೂ ನೀರು ಕೊಡುವ ಜಾಗ ಇನ್ನೊಂದು. ಈ ಎರಡನೇ ಲೆಕ್ಕ ಗೊತ್ತಾದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ಯಾಕೆಂದರೆ ನನ್ನ ಮನೆ ಯಾವ ಲೆಕ್ಕದಲ್ಲಿದೆ ಅಂತ ಹುಡುಕಿದೆ. ನಮ್ಮ ನಲ್ಲಿಗೆ ನೀರು ಬಫಲೋ ಪೌಂಡ್ ಸರೋವರದಿಂದ ಬರುತ್ತದೆ. ಅದಕ್ಕೆ ಡೀಫನ್‌ಬೇಕರ್ ಸರೋವರದಿಂದ ಬಿಡುತ್ತಾರೆ. ಅಲ್ಲಿಗೆ ರಾಕಿ ಪರ್ವತಗಳ ಹಿಮದ ನೀರೂ ಬಂದಿರುತ್ತದೆ. ಅದರಲ್ಲಿ ನಾನು ಅಕ್ಕಿ ತೊಳೆಯುತ್ತೇನೆ. ತೊಳೆದದ್ದು ಶುದ್ಧವಾಗಿ ವಸ್ಕಾನಾಕ್ಕೆ ಬೀಳುತ್ತದೆ. ಬೇಸಿಗೆಯ ಕೊನೆಗೆ, ಮಳೆ ಇಲ್ಲದಾಗ, ಊರಿಂದ ಕೆಳಗೆ ಹರಿಯುವುದು ಬಹುಪಾಲು ನಾವು ಬಳಸಿ ಬಿಟ್ಟ ನೀರೇ. ಅಂದರೆ ಒಣ ವರ್ಷದಲ್ಲೂ ತಪ್ಪದೆ ನೀರು ಕೊಡುವವನು ನಾನು. ಈ ಹಳ್ಳ ನನ್ನದು ಅನ್ನಿಸಿಬಿಟ್ಟಿದೆ ಬಸೂ.

ಹಾಗೆ ಅನ್ನುವ ಹಕ್ಕು ಎಲ್ಲಿಂದ ಬಂತು? 1882ರಲ್ಲಿ ರೈಲು ಬರುವ ಮೊದಲು ಇದೇ ದಂಡೆಯಲ್ಲಿ ಇಲ್ಲಿನ ಮೂಲನಿವಾಸಿಗಳಾದ ಕ್ರೀ ಜನ ಬೈಸನ್ (ಇಲ್ಲಿನ ಕಾಡೆಮ್ಮೆ) ಮೂಳೆಗಳನ್ನು ರಾಶಿ ಹಾಕಿದ್ದರು. ಆಮೇಲೆ ಬಂದವರು ಬಯಲಿನ ಮೂಳೆ ಆಯ್ದು ಗೊಬ್ಬರಕ್ಕೆ ಮಾರಿದರು. ಅವರಿಗಿಂತಲೂ ಎಷ್ಟೋ ಆಮೇಲೆ ಬಂದವನು ನಾನು.

ಅಲ್ಲಿ ಅಪ್ಪ ಪ್ರತಿ ವರ್ಷ ಹೊಲ ಲಾವಣಿಗೆ ಕೊಡುವಾಗ "ಅವ ಬರೂತನಕ ಅಷ್ಟ" ಅನ್ನುತ್ತಾರೆ. ಫೋನಿನಲ್ಲಿ ನಾನೂ ಹೂಂ ಅನ್ನುತ್ತೇನೆ. ನಾನು ಬರುವುದಿಲ್ಲ ಬಸೂ. ಹೊಲದ ಗೆರೆಯೊಳಗೆ ನನ್ನ ಹೆಸರಿದೆ, ಅಲ್ಲಿಗೆ ಒಂದು ಹನಿಯೂ ನನ್ನಿಂದ ಮುಟ್ಟುತ್ತಿಲ್ಲ. ಆ ಎರಡನೇ ಲೆಕ್ಕವನ್ನು ಅಪ್ಪ ಯಾವಾಗಲೋ ಮಾಡಿ ಮುಗಿಸಿದ್ದಾರೆ, ನನ್ನ ಮುಖ ನೋಡಿ ಸುಮ್ನೆ ಇದ್ದಾರೆ ಅಂತ ಭಯ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಇರಲಿ ಬಿಡು. ಹಿಂಗಾರಿಗೆ ಕಡಲೆ ಹಾಕಿದೆಯಾ, ಜೋಳವಾ? ನಿನ್ನ ಕಡೆಯ ಹಳ್ಳದ ಒಂದು ಫೋಟೋ ಕಳಿಸು, ನೀರಿರುವಾಗ. ಅವ್ವನ ಶೇಂಗಾ ಚಟ್ನಿ ಯಾರ ಕೈಯಲ್ಲಾದರೂ ಕಳಿಸು, ಅರ್ಧ ಕಿಲೋ ಅಂದರೆ ಒಂದು ಕಿಲೋ ಅಂತ ತಿಳಿ. ಮಂಜ್ಯಾನ ಮದುವೆಗೆ ಮಾತ್ರ ಆ ಹಳದಿ ಅಂಗಿ ಹಾಕಿಕೊಂಡು ಹೋಗಬೇಡ, ದಯವಿಟ್ಟು.