ಕುಟುಂಬ ವೈದ್ಯರ ತುರ್ತು ತರಬೇತಿ ಕ್ಲಿನಿಕ್ಕಿನೊಳಗೇ ನಡೆಯಲಿ

ಮಾನ್ಯ ಆರೋಗ್ಯ ಸಚಿವರಿಗೆ,

ಕುಟುಂಬ ವೈದ್ಯರಿಗೆ ತುರ್ತು ತರಬೇತಿ, ಅಂದರೆ ತುರ್ತು ಸಂದರ್ಭ ನಿಭಾಯಿಸುವ ತರಬೇತಿ, ಎಂದರೆ ಸಾಮಾನ್ಯವಾಗಿ ಒಂದು ಸಭಾಂಗಣ, ದಿನವಿಡೀ ಸ್ಲೈಡುಗಳು, ಸಂಜೆಗೊಂದು ಪ್ರಮಾಣಪತ್ರ. ಇದರಿಂದ ವಿಷಯ ತಲೆಗೆ ಹೋಗುತ್ತದೆ, ಕೈಗೆ ಇಳಿಯುವುದಿಲ್ಲ.

ಚುಚ್ಚುಮದ್ದಿನ ಅಲರ್ಜಿಯಿಂದ ರೋಗಿ ಕುಸಿದರೆ ಏನು ಮಾಡಬೇಕೆಂಬುದು ವೈದ್ಯರಿಗೆ ಗೊತ್ತಿಲ್ಲದ್ದೇನಲ್ಲ. ವಯಸ್ಕರಿಗೆ 0.5 ಮಿ.ಗ್ರಾಂ ಅಡ್ರಿನಲಿನ್, ಅಂದರೆ 1 ಮಿ.ಲೀ.ಗೆ 1 ಮಿ.ಗ್ರಾಂ ಇರುವ ಆಂಪೂಲಿನಿಂದ (ಔಷಧದ ಪುಟ್ಟ ಗಾಜಿನ ಸೀಸೆ) ಅರ್ಧ ಮಿ.ಲೀ., ತೊಡೆಯ ಹೊರಬದಿಯ ಸ್ನಾಯುವಿಗೆ. 5 ನಿಮಿಷದಲ್ಲಿ ಚೇತರಿಕೆ ಕಾಣದಿದ್ದರೆ ಇನ್ನೊಮ್ಮೆ. ಎಡವಟ್ಟಾಗುವುದು ಬೇರೆ ಕಡೆ. ಆಂಪೂಲು ಬೀಗ ಹಾಕಿದ ಕಪಾಟಿನಲ್ಲಿರುತ್ತದೆ, ಕೀಲಿ ರಜೆಯ ಮೇಲಿರುವ ನರ್ಸ್ ಬಳಿ. ಆಕ್ಸಿಜನ್ ಸಿಲಿಂಡರ್ ಇರುತ್ತದೆ, ವಾಲ್ವ್ ತಿರುಗಿಸುವ ಕೀ ಇರುವುದಿಲ್ಲ. ಅಡ್ರಿನಲಿನ್ ಬಿಟ್ಟು, ಸಾಮಾನ್ಯ ಅಲರ್ಜಿಗೆ ಕೊಡುವ ಆಂಟಿಹಿಸ್ಟಮಿನ್ ಕೊಟ್ಟು ಕಾದು ನೋಡುವ ಹಳೆಯ ತಪ್ಪು ರೂಢಿ ಬೇರೆ. ಮಲಗಿದ್ದ ರೋಗಿಯನ್ನು ಎಬ್ಬಿಸಿ ನಡೆಸಿದರಂತೂ ಹೃದಯವೇ ನಿಲ್ಲಬಹುದು.

ಆದ್ದರಿಂದ ತರಬೇತುದಾರರೇ ಕ್ಲಿನಿಕ್ಕಿಗೆ ಹೋಗಲಿ. ಸ್ವಾಗತದ ಮೇಜಿನವರೂ ಸೇರಿ ಎಲ್ಲರೂ, ಗಡಿಯಾರ ನೋಡಿಕೊಂಡು, ಅಲ್ಲಿರುವ ಸಾಮಾನಿನಲ್ಲೇ ಅಭ್ಯಾಸ ಮಾಡಲಿ. ಹೃದಯ ನಿಂತವರಿಗೆ ಎದೆ ಒತ್ತಿ ಜೀವ ಉಳಿಸುವ ಸಿಪಿಆರ್ ಕೌಶಲ ಕೆಲವೇ ತಿಂಗಳಲ್ಲಿ ಮಂಕಾಗುತ್ತದೆ. ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂ.ಮೀ. ಆಳಕ್ಕೆ ಎದೆ ಒತ್ತುವುದನ್ನು ಮೂರು ತಿಂಗಳಿಗೊಮ್ಮೆ ಬೊಂಬೆಯ ಮೇಲೆ ಹದಿನೈದು ನಿಮಿಷ ಮಾಡಿಸಿದರೆ ಸಾಕು, ವರ್ಷಕ್ಕೊಂದು ಇಡೀ ದಿನದ ಕಾರ್ಯಾಗಾರಕ್ಕಿಂತ ಅದೇ ಮೇಲು.

ಸಾಂಕ್ರಾಮಿಕದ ತಯಾರಿ ಬಾಗಿಲಲ್ಲೇ ಶುರುವಾಗಬೇಕು. ದಡಾರದ ರೋಗಿ ಎದ್ದುಹೋದ ಮೇಲೂ ವೈರಾಣು ಆ ಕೋಣೆಯ ಗಾಳಿಯಲ್ಲಿ 2 ಗಂಟೆಯವರೆಗೆ ಉಳಿಯಬಲ್ಲದು. ಜ್ವರ, ಮೈಮೇಲೆ ದದ್ದು ಇದೆಯೇ ಎಂದು ಫೋನಿನಲ್ಲೇ ಕೇಳಿ ಬೇರೆ ಬಾಗಿಲಿನಿಂದ ಕರೆಸುವುದನ್ನು ಕಲಿಯಬೇಕಾದವರು ಫೋನ್ ಎತ್ತುವವರು.

ಇನ್ನು ರೋಗಿಗಳ ಜೊತೆ ಆಡುವ ಮಾತಿನ ವಿಚಾರ. ಇದನ್ನು ಪಠ್ಯಕ್ರಮದ ಬಾಲಂಗೋಚಿ ಮಾಡಬೇಡಿ. ಗೊತ್ತಿರುವುದು, ಇನ್ನೂ ಗೊತ್ತಾಗದಿರುವುದು, ಸದ್ಯ ಮಾಡಬೇಕಾದದ್ದು: ಈ ಮೂರನ್ನು ಒಂದು ನಿಮಿಷದೊಳಗೆ ಹೇಳಲು ವೈದ್ಯರು ಪರಸ್ಪರರ ಎದುರು ಕೂತು ಅಭ್ಯಾಸ ಮಾಡಬೇಕು. 'ಅಪಾಯ ದುಪ್ಪಟ್ಟು' ಎಂದರೆ ಜನ ಹೌಹಾರುತ್ತಾರೆ. 'ಲಕ್ಷಕ್ಕೆ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ' ಎಂದರೆ ಲೆಕ್ಕ ಹಾಕುತ್ತಾರೆ. ವದಂತಿಯನ್ನು ಅಲ್ಲಗಳೆಯುವಾಗ ನಿಜವನ್ನು ಮೊದಲು ಹೇಳಬೇಕು. ವದಂತಿಯಿಂದಲೇ ಶುರುಮಾಡಿದರೆ ನೆನಪಿನಲ್ಲಿ ಅದೇ ಉಳಿದೀತು. ಜನಸಾಮಾನ್ಯರ ಮಾಸ್ಕ್ ಬಳಕೆ ಕುರಿತ ಸಲಹೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2020ರ ಜೂನ್‌ನಲ್ಲಿ ಬದಲಿಸಿತು. 'ಬೇಡವೇ ಬೇಡ' ಎಂದಿದ್ದ ವೈದ್ಯರು ರೋಗಿಗಳ ಮುಂದೆ ಪೇಚಿಗೆ ಸಿಲುಕುವಂತಾಯಿತು; 'ಈವರೆಗೆ ತಿಳಿದಂತೆ' ಎಂದಿದ್ದವರಿಗೆ ದಾರಿ ಉಳಿದಿತ್ತು.

ಆದರೆ ಟಿವಿಯಲ್ಲಿ ಸುದ್ದಿ ನೋಡಿ ಬಂದ ರೋಗಿಯಿಂದಲೇ ವೈದ್ಯರು ಹೊಸ ನಿಯಮ ತಿಳಿಯುವಂತಾದರೆ ಯಾವ ತರಬೇತಿಯೂ ದಂಡ. ನಿಮ್ಮ ಪತ್ರಿಕಾಗೋಷ್ಠಿಗೆ ಕೆಲವು ಗಂಟೆ ಮುಂಚೆ ಸುತ್ತೋಲೆ ಅವರ ಫೋನಿಗೆ ತಲುಪಲಿ. ಒಂದೇ ಪುಟ ಸಾಕು. ತಲೆಯಲ್ಲಿ ದಿನಾಂಕ, ಸಮಯ. ಅದರ ಕೆಳಗೆ ಹಿಂದಿನದಕ್ಕಿಂತ ಏನು ಬದಲಾಗಿದೆ ಎಂಬುದು. ಕೊನೆಗೆ ಮನುಷ್ಯರೇ ಎತ್ತುವ ಒಂದು ದೂರವಾಣಿ ಸಂಖ್ಯೆ.

ಒಬ್ಬರೇ ನಡೆಸುವ ಕ್ಲಿನಿಕ್ಕಿಗೆ ಅರ್ಧ ದಿನ ಬಾಗಿಲು ಹಾಕುವುದೆಂದರೆ ಅರ್ಧ ದಿನದ ಸಂಪಾದನೆ ಹೋದಂತೆ. ಆ ನಷ್ಟ ತುಂಬಿಕೊಡುವ ಮೊತ್ತವನ್ನು ಬಜೆಟ್ಟಿನಲ್ಲಿ ಇಡದಿದ್ದರೆ, ತರಬೇತಿ ಯಾರಿಗೆ ಹೆಚ್ಚು ಬೇಕೋ ಅವರೇ ಬರುವುದಿಲ್ಲ.

ಇಂತಿ,
ಕುಟುಂಬ ವೈದ್ಯರ ತರಬೇತಿಯಲ್ಲಿ ತೊಡಗಿರುವ ವೈದ್ಯರು